ಕಾರ್ಬೊನೇಟು ಖನಿಜಗಳೂ ವಿಕಿರಣಶೀಲ ಇಂಗಾಲವೂ: ಒಂದು ವಿಮರ್ಶೆ

೧

ಸುಣ್ಣದ ಗೂಡನ್ನು ಕಂಡವರಿಗೆ ಈ ಲೇಖನದ ಅರ್ಧವಿಷಯವು ಆಗಲೇ ತಿಳಿದಿರುವುದು. ಸುಣ್ಣಕಲ್ಲನ್ನು ಸುಟ್ಟರೆ ಅದರಲ್ಲಿ ಅಡಗಿದ್ದ ಇಂಗಾಲಾಮ್ಲವಾಯುವು ಹೊರಟುಹೋಗಿ ಸುಟ್ಟ ಸುಣ್ಣವು ಉಳಿಯುವುದು. ಆ ಸುಣ್ಣವನ್ನು ನೀರಿನಲ್ಲಿ ಅರಳಿಸಿ ಗೋಡೆಗೆ ಬಳಿದರೆ, ಗಾಳಿಯಲ್ಲಿರುವ ಅದೇ ವಾಯುವನ್ನು ಮೆಲ್ಲಮೆಲ್ಲನೆ ಹೀರಿಕೊಂಡು ಪುನಃ ಕಲ್ಲಾಗುವುದು. ವಾಯುರೂಪದ ಇಂಗಾಲವನ್ನು ಶಿಲಾರೂಪಕ್ಕೆ ತರುವ ಈ ಹಳೆಯ ಕ್ರಿಯೆಯನ್ನೇ ಪರಮಾಣು ಸ್ಥಾವರಗಳಲ್ಲಿ ಹುಟ್ಟುವ ವಿಕಿರಣಶೀಲ ಇಂಗಾಲವನ್ನು ಕಟ್ಟಿಡುವುದಕ್ಕೆ ಉಪಯೋಗಿಸಬೇಕೆಂದು ರಸಾಯನಜ್ಞರಲ್ಲಿ ಅನೇಕರು ಪ್ರತಿಪಾದಿಸುತ್ತ ಬಂದಿದ್ದಾರೆ. ಕ್ಯಾಲ್ಸಿಯಂ, ಬೇರಿಯಂ, ಮೆಗ್ನೀಸಿಯಂ ಮೊದಲಾದ ಲೋಹಗಳ ಕಾರ್ಬೊನೇಟುಗಳೇ ಇದಕ್ಕೆ ತಕ್ಕ ಪಾತ್ರಗಳೆಂಬುದು ಅವರ ಮತ.

ಈ ಮತವನ್ನು ಸಮರ್ಥಿಸುವ ಬರಹಗಳಲ್ಲಿ ಒಂದು ವಾದವು ಮತ್ತೆ ಮತ್ತೆ ಬರುವುದು. ಭೂಮಿಯ ಇಂಗಾಲದ ಬಹುಭಾಗವು ಸುಣ್ಣಕಲ್ಲು ಮೊದಲಾದ ಕಾರ್ಬೊನೇಟು ಶಿಲೆಗಳಲ್ಲಿಯೇ ಇದೆ. ಆ ಶಿಲೆಗಳು ಬಹುಕೋಟಿ ವರ್ಷಗಳಿಂದ ನಿಂತಿವೆ. ಆದಕಾರಣ ನಾವು ಮಾಡಿದ ಕಾರ್ಬೊನೇಟೂ ತನ್ನ ಇಂಗಾಲವನ್ನು ಹಾಗೆಯೇ ಹಿಡಿದಿಟ್ಟುಕೊಳ್ಳುವುದು ಎಂಬುದೇ ಆ ವಾದ. ಇದು ಉಪಮಾನದ ಮೇಲೆ ನಿಂತದ್ದು. ಉಪಮಾನ, ಉಪಮೇಯ, ಸಾಧಾರಣಧರ್ಮಗಳ ವಿಚಾರವು ನಮ್ಮ ಅಲಂಕಾರಶಾಸ್ತ್ರದ ಮೊದಲ ಪಾಠ. ಹೇತು, ವ್ಯಾಪ್ತಿ, ಉಪಾಧಿಗಳ ವಿಚಾರವು ತರ್ಕದ ಮೊದಲ ಪಾಠ. ಆದಕಾರಣ ವಿಷಯವು ರಸಾಯನಕ್ಕೆ ಸೇರಿದ್ದಾದರೂ ವಾದದ ಪರೀಕ್ಷೆಯು ಈ ಪತ್ರಿಕೆಯ ವಾಚಕರಿಗೆ ಹೊರಗಿನದಲ್ಲವೆಂದು ತಿಳಿದು ಇಲ್ಲಿ ಅದನ್ನು ಕೈಗೊಂಡಿದೆ.

೨

ಇಂಗಾಲದ ಪರಮಾಣುಗಳಲ್ಲಿ ಹದಿನಾಲ್ಕು ತೂಕದ ಜಾತಿಯೊಂದು ಉಂಟೆಂಬುದನ್ನು ೧೯೪೦ನೆಯ ಇಸವಿಯ ಫೆಬ್ರವರಿಯಲ್ಲಿ ಅಮೆರಿಕದ ಬರ್ಕ್‌ಲಿಯಲ್ಲಿ ಮಾರ್ಟಿನ್ ಕಾಮೆನ್, ಸ್ಯಾಮ್ ರೂಬೆನ್ ಎಂಬಿಬ್ಬರು ಕಂಡುಹಿಡಿದರು. ಇದರ ಅರ್ಧಾಯುಷ್ಯವು ಸುಮಾರು ೫,೭೦೦ ವರ್ಷ. ಎಂದರೆ ಹತ್ತು ಅರ್ಧಾಯುಷ್ಯಗಳು ಕಳೆದು, ಮೊದಲಿದ್ದುದರ ಸಾವಿರದಲ್ಲೊಂದು ಪಾಲು ಉಳಿಯಬೇಕಾದರೆ ಸುಮಾರು ೫೭,೦೦೦ ವರ್ಷಗಳು ಬೇಕು. ಇದು ಹೊರಸೂಸುವ ಬೀಟಾಕಿರಣವು ದುರ್ಬಲವಾದುದು; ದೇಹದ ಹೊರಗಿದ್ದರೆ ಅದರಿಂದ ಹೆಚ್ಚಿನ ಹಾನಿಯಿಲ್ಲ. ಆದರೆ ಇಂಗಾಲವು ಜೀವದ ಮೂಲದ್ರವ್ಯ. ಗಿಡವು ಅದನ್ನು ಗಾಳಿಯಿಂದ ಕುಡಿಯುವುದು, ದನವು ಗಿಡದಿಂದ, ಮನುಷ್ಯನು ಎರಡರಿಂದಲೂ. ಬೇರೆ ವಿಕಿರಣದ್ರವ್ಯಗಳು ಜೀವಿಯ ಮೈಯೊಳಗೆ ಅತಿಥಿಗಳಾಗಿ ಬಂದರೆ ಇದು ಮನೆಯವನಂತೆಯೇ ಬಂದು ಸೇರುವುದು. ಇದರ ವಿಷಯದಲ್ಲಿ ಜಾಗರೂಕತೆ ಬೇಕಾದುದು ಈ ಕಾರಣದಿಂದ.

ಸ್ಥಾವರಗಳಲ್ಲಿ ಇದು ಮೂರು ಬಗೆಯಾಗಿ ಹುಟ್ಟುವುದು: ಸಾರಜನಕದಿಂದ, ಆಮ್ಲಜನಕದ ಹದಿನೇಳು ತೂಕದ ಜಾತಿಯಿಂದ, ಇಂಗಾಲದ ಹದಿಮೂರು ತೂಕದ ಜಾತಿಯಿಂದ. ೧೯೫೬ರಲ್ಲಿ ಇಂಗ್ಲೆಂಡಿನ ಕಾಲ್ಡರ್ ಹಾಲಿನಲ್ಲಿ ಪ್ರಾರಂಭವಾದ ಕೇಂದ್ರವೂ ಅದರ ಮಾದರಿಯ ಇತರ ಕೇಂದ್ರಗಳೂ ನ್ಯೂಟ್ರಾನುಗಳ ವೇಗವನ್ನು ತಗ್ಗಿಸಲು ಗ್ರಾಫೈಟನ್ನು ಬಳಸಿದುವು. ಹೀಗೆ ಬಳಸಿದ ಗ್ರಾಫೈಟು ಜಗತ್ತಿನಲ್ಲಿ ಸುಮಾರು ಎರಡೂವರೆ ಲಕ್ಷ ಟನ್ನುಗಳಷ್ಟಿದೆ. ಅದರಲ್ಲಿ ಲಕ್ಷ ಟನ್ನಿಗೆ ಸಮೀಪದ ಪಾಲು ಬ್ರಿಟನ್ನಿನದು. ಭಾರಜಲವನ್ನು ಬಳಸುವ ಸ್ಥಾವರಗಳಲ್ಲಿ ಆ ಜಲದ ಆಮ್ಲಜನಕದಿಂದಲೇ ಇದು ಹುಟ್ಟಿ, ನೀರನ್ನು ಶುದ್ಧಿಮಾಡುವ ರಾಳದ ಕಣಗಳಲ್ಲಿ ಬಹುಮಟ್ಟಿಗೆ ನೆಲೆಸುವುದು. ನಮ್ಮ ಉತ್ತರ ಕನ್ನಡದ ಕೈಗಾದಲ್ಲಿರುವ ೨೨೦ ಮೆಗಾವಾಟುಗಳ ನಾಲ್ಕು ಸ್ಥಾವರಗಳೂ ಈ ಭಾರಜಲದ ಜಾತಿಯವೇ ಆಗಿರುವುದರಿಂದ ಪ್ರಶ್ನೆಯು ಪರದೇಶದ್ದು ಮಾತ್ರವೆಂದು ತಳ್ಳಿಬಿಡುವಂತಿಲ್ಲ.

೩

ಪೂರ್ವಪಕ್ಷಕ್ಕೆ ನ್ಯಾಯವಾಗಿ ಸಲ್ಲಬೇಕಾದುದನ್ನು ಮೊದಲು ಸಲ್ಲಿಸಬೇಕು. ಕಾರ್ಬೊನೇಟನ್ನು ಮಾಡುವುದು ಸುಲಭ. ಇಂಗಾಲಾಮ್ಲವಾಯುವನ್ನು ಕ್ಷಾರದ್ರವದಲ್ಲಿ ಹಾಯಿಸಿ, ಬೇರಿಯಂ ಅಥವಾ ಕ್ಯಾಲ್ಸಿಯಂ ಲವಣವನ್ನು ಕೂಡಿಸಿದರೆ ಬಿಳಿಯ ಗಷ್ಟು ಇಳಿಯುವುದು. ಉರಿಯಿಲ್ಲ, ಹೆಚ್ಚಿನ ಒತ್ತಡವಿಲ್ಲ. ಇಂಗ್ಲೆಂಡಿನ ಸೆಲ್ಲಾಫೀಲ್ಡಿನಲ್ಲಿ ೧೯೯೪ರಿಂದ ೨೦೧೮ರ ವರೆಗೆ ನಡೆದ ಥಾರ್ಪ್ ಎಂಬ ಇಂಧನಸಂಸ್ಕರಣಾಲಯದಲ್ಲಿ ಹೊರಹೋಗುವ ಅನಿಲದಿಂದ ಈ ಇಂಗಾಲವನ್ನು ಬೇರಿಯಂ ಕಾರ್ಬೊನೇಟಾಗಿ ಇಳಿಸಿ ಸಿಮೆಂಟಿನಲ್ಲಿ ಕೂಡಿಸಿಡುತ್ತಿದ್ದರು. ಆದಕಾರಣ ಇದು ಪುಸ್ತಕದ ಕಲ್ಪನೆಯಲ್ಲ. ಆಚರಣೆಗೆ ಬಂದ ಕ್ರಮ.

ಎರಡನೆಯದಾಗಿ, ಕಾರ್ಬೊನೇಟುಗಳು ನೀರಿನಲ್ಲಿ ಬಹಳ ಕಡಮೆ ಕರಗುವುವು. ಇಂಗಾಲಾಮ್ಲವಿಲ್ಲದ ಶುದ್ಧಜಲದಲ್ಲಿ ಕ್ಯಾಲ್ಸೈಟು ಲೀಟರಿಗೆ ಸುಮಾರು ೧೪ ಮಿಲಿಗ್ರಾಂ ಕರಗುವುದು. ಬೇರಿಯಂ ಕಾರ್ಬೊನೇಟಿನ ಲೆಕ್ಕವೂ ಅದರ ಆಸುಪಾಸಿನದೇ. ಸಿಮೆಂಟಿನ ಮಧ್ಯದಲ್ಲಿರುವ ನೀರು ತೀಕ್ಷ್ಣಕ್ಷಾರವಾಗಿರುವುದರಿಂದ ಅಲ್ಲಿ ಇವು ಇನ್ನೂ ಭದ್ರವಾಗಿರುವುವು. ಮೂರನೆಯದಾಗಿ, ವಿಕಿರಣದಿಂದಲೇ ಹರಳು ಕೆಡುವುದೆಂಬ ಶಂಕೆಗೆ ಇಲ್ಲಿ ಅವಕಾಶವು ಸ್ವಲ್ಪ. ಬಳಸಿದ ಗ್ರಾಫೈಟಿನಲ್ಲಿ ಈ ಜಾತಿಯ ಪರಮಾಣುಗಳು ಹತ್ತು ಲಕ್ಷಕ್ಕೆ ಒಂದರ ಆಸುಪಾಸಿನಲ್ಲಿ ಮಾತ್ರ ಇರುವುವು; ಅವು ಒಂದೊಂದಾಗಿ ಸಾರಜನಕವಾಗಿ ಮಾರ್ಪಟ್ಟರೂ ಹರಳಿನ ಕಟ್ಟು ಕದಲುವುದಿಲ್ಲ.

ಇಷ್ಟನ್ನೂ ಒಪ್ಪಿಕೊಂಡ ಮೇಲೆ ಉಪಮಾನದ ವಿಚಾರಕ್ಕೆ ಬರಬಹುದು.

೪

ಬೆಂಕಿಯಿರುವಲ್ಲೆಲ್ಲ ಹೊಗೆಯಿರುವುದೆಂದು ಹೇಳುವವನು ಹಸಿಸೌದೆಯ ಸಂಬಂಧವೆಂಬ ಉಪಾಧಿಯನ್ನು ಮರೆತಿರುವನೆಂದು ತಾರ್ಕಿಕರು ಹೇಳುವರು. ಕಾರ್ಬೊನೇಟು ಇರುವಲ್ಲೆಲ್ಲ ಇಂಗಾಲವು ಸ್ಥಿರವಾಗಿರುವುದೆನ್ನುವವರೂ ಇಂಥ ಉಪಾಧಿಯನ್ನು ಮರೆತವರೇ. ಭೀಮಾನದಿಯ ಆಸುಪಾಸಿನ ಶಹಾಬಾದಿನ ಕಲ್ಲು ಅತಿಪ್ರಾಚೀನವೆಂಬುದು ನಿಜ. ಅದು ಉಳಿದುಬಂದುದಕ್ಕೆ ಅದು ಕಾರ್ಬೊನೇಟೆಂಬುದೊಂದೇ ಕಾರಣವಲ್ಲ. ಅದರ ಪದರಗಳ ದಪ್ಪ, ಕಣಗಳ ಬಿಗಿ, ಮೇಲಿನ ಹೊದಿಕೆ, ಒಳಗೆ ನೀರಿನ ಸಂಚಾರವು ಕಡಮೆಯಾಗಿದ್ದುದು, ಇವೆಲ್ಲ ಕೂಡಿ ಅದನ್ನು ಉಳಿಸಿದುವು. ಈ ಉಪಾಧಿಗಳು ತಪ್ಪಿದ ಕಡೆಯಲ್ಲಿ ಅದೇ ಜಾತಿಯ ಕಲ್ಲು ಏನಾಗುವುದೆಂಬುದಕ್ಕೆ ಆಂಧ್ರದೇಶದ ಬೇಲಂ ಗುಹೆಗಳು ಸಾಕ್ಷಿ. ಮೂರು ಕಿಲೋಮೀಟರಿಗೂ ಮಿಕ್ಕು ಉದ್ದವಿರುವ ಆ ಗುಹೆಗಳು ಮಣ್ಣಿನ ಇಂಗಾಲಾಮ್ಲವನ್ನು ಹೊತ್ತ ನೀರು ಸುಣ್ಣಕಲ್ಲನ್ನು ಕರಗಿಸಿ ಕೊರೆದ ದಾರಿಗಳಲ್ಲದೆ ಮತ್ತೇನೂ ಅಲ್ಲ. ನಿಂತ ಕಲ್ಲನ್ನು ಮಾತ್ರ ಎಣಿಸಿ ಕರಗಿಹೋದ ಕಲ್ಲನ್ನು ಎಣಿಸದಿದ್ದರೆ ಕಲ್ಲೆಲ್ಲವೂ ಚಿರಂಜೀವಿಯಾಗಿಯೇ ಕಾಣುವುದು. ಉಳಿದುಬಂದ ಕಾವ್ಯಗಳನ್ನು ಮಾತ್ರ ಓದಿ ಪೂರ್ವಕಾಲದಲ್ಲಿ ಕೆಟ್ಟ ಕವಿಗಳೇ ಇರಲಿಲ್ಲವೆಂದು ತೀರ್ಮಾನಿಸುವಂತೆಯೇ ಇದು.

ಉಪಮಾನದಲ್ಲಿ ಇನ್ನೊಂದು ಸೂಕ್ಷ್ಮದೋಷವಿದೆ. ನನ್ನ ಮಟ್ಟಿಗೆ ಇದೇ ಮುಖ್ಯವಾದುದು. ಕಲ್ಲು ಉಳಿಯುವುದು ಬೇರೆ, ಕಲ್ಲಿನೊಳಗಿನ ಇಂಗಾಲದ ಅದೇ ಪರಮಾಣುಗಳು ಉಳಿಯುವುದು ಬೇರೆ. ಕ್ಯಾಲ್ಸೈಟಿನಿಂದ ಪೂರ್ಣತೃಪ್ತವಾದ ನೀರಿನಲ್ಲಿ ಒಂದು ಹರಳನ್ನು ಇರಿಸಿದರೆ ಅದರ ತೂಕವು ಕಡಮೆಯಾಗುವುದಿಲ್ಲ. ಆದರೂ ಮೇಲ್ಮೈಯಿಂದ ಕೆಲವು ಕಣಗಳು ನೀರಿಗೆ ಹೋಗುತ್ತಲೂ ನೀರಿನಿಂದ ಅಷ್ಟೇ ಕಣಗಳು ಬಂದು ಕೂಡುತ್ತಲೂ ಇರುವುವು. ಊರಿನ ಜನಸಂಖ್ಯೆಯು ಹೆಚ್ಚದೆ ಕುಗ್ಗದೆ ಇದ್ದ ಮಾತ್ರಕ್ಕೆ ಊರಿನವರು ಅವರೇ ಎಂದು ಹೇಳಲಾಗದಷ್ಟೆ. ಸಾಮಾನ್ಯ ಇಂಗಾಲದ ವಿಷಯದಲ್ಲಿ ಈ ವಿನಿಮಯವು ಯಾರ ಗಣನೆಗೂ ಬರುವುದಿಲ್ಲ. ವಿಕಿರಣಶೀಲ ಇಂಗಾಲದ ವಿಷಯದಲ್ಲಿಯಾದರೋ ನಾವು ಕೇಳುವ ಪ್ರಶ್ನೆಯೇ ಈ ವಿನಿಮಯವನ್ನು ಕುರಿತದ್ದು. ಕರಗುವಿಕೆಯ ಅಂಕಿಯನ್ನು ಮುಂದಿಟ್ಟು ಭದ್ರತೆಯನ್ನು ಸಾಧಿಸುವವರು ಕೇಳಿದ ಪ್ರಶ್ನೆಯನ್ನು ಬಿಟ್ಟು ಕೇಳದ ಪ್ರಶ್ನೆಗೆ ಉತ್ತರವಿತ್ತಂತಾಗುವುದು.

೫

ಹಾಗಾದರೆ ಕಾರ್ಬೊನೇಟು ತನ್ನ ಹದಿನಾಲ್ಕು ತೂಕದ ಇಂಗಾಲವನ್ನೇ ಐವತ್ತು ಸಾವಿರ ವರ್ಷ ಹಿಡಿದಿಟ್ಟ ನಿದರ್ಶನವುಂಟೆ? ಇದಕ್ಕೆ ಸಾಕ್ಷಿಗಳನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಪ್ರಾಕ್ತನವಸ್ತುಗಳ ವಯಸ್ಸನ್ನು ಈ ಇಂಗಾಲದಿಂದಲೇ ಅಳೆಯುವ ವಿಧಾನವನ್ನು ವಿಲ್ಲರ್ಡ್ ಲಿಬ್ಬಿ ಸ್ಥಾಪಿಸಿ ಅದಕ್ಕಾಗಿ ೧೯೬೦ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನಷ್ಟೆ. ಅಂದಿನಿಂದ ಕಾಲನಿರ್ಣಯಕಾರರು ಚಿಪ್ಪು, ಎಲುಬು, ಗಾರೆ, ಗುಹೆಯ ಸುಣ್ಣಕಂಬ ಎಂಬ ನಾನಾ ಕಾರ್ಬೊನೇಟುಗಳನ್ನು ಪರೀಕ್ಷಿಸುತ್ತ ಬಂದಿದ್ದಾರೆ. ಯಾವ ಕಾರ್ಬೊನೇಟು ತನ್ನ ಇಂಗಾಲವನ್ನು ಕಾಪಾಡಿಕೊಂಡಿತು, ಯಾವುದು ಪರರ ಇಂಗಾಲವನ್ನು ಕೊಂಡಿತು ಎಂಬುದೇ ಅವರ ನಿತ್ಯದ ಚಿಂತೆ. ತ್ಯಾಜ್ಯದ ಶಾಸ್ತ್ರಜ್ಞರು ಪ್ರಕೃತಿಯ ಉಪಮಾನವನ್ನು ಹುಡುಕುವಾಗ ಮೊದಲು ಓದಬೇಕಾದುದು ಈ ಕಡತವನ್ನು.

ಆ ಕಡತವು ಹೇಳುವುದೇನು? ಎಲುಬಿನ ಕಾರ್ಬೊನೇಟನ್ನು ನಂಬಬಾರದೆಂದು ಬಹುಕಾಲದ ಅನುಭವ. ಅದು ನೆಲದ ನೀರಿನೊಡನೆ ಇಂಗಾಲವನ್ನು ಬದಲಾಯಿಸಿಕೊಳ್ಳುವುದು. ಚಿಪ್ಪು ಹುಟ್ಟುವಾಗ ಬಹುಶಃ ಆರಗೊನೈಟೆಂಬ ರೂಪದಲ್ಲಿರುವುದು. ಅದರಲ್ಲಿ ಕ್ಯಾಲ್ಸೈಟು ಹೊಸದಾಗಿ ಕಾಣಿಸಿಕೊಂಡರೆ ಅದು ಮರುಹರಳಾಗಿದೆಯೆಂದೂ ಹೊರಗಿನ ಇಂಗಾಲವು ಸೇರಿರಬಹುದೆಂದೂ ತಿಳಿದು ಬಿಟ್ಟುಬಿಡುವರು. ಕಟ್ಟಡದ ಸುಣ್ಣದ ಗಾರೆಯು ಗಟ್ಟಿಯಾಗುವಾಗ ಆ ಕಾಲದ ಗಾಳಿಯ ಇಂಗಾಲವನ್ನು ಹೀರುವುದರಿಂದ ಅದರ ವಯಸ್ಸನ್ನು ತಿಳಿಯಬಹುದೆಂಬ ಆಲೋಚನೆಯು ೧೯೬೦ರ ದಶಕದಲ್ಲಿಯೇ ಆಚರಣೆಗೆ ಬಂದಿತು. ಅಲ್ಲಿಯೂ ಬೇಯದೆ ಉಳಿದ ಸುಣ್ಣಕಲ್ಲಿನ ಚೂರು, ತಡವಾಗಿ ಗಟ್ಟಿಯಾದ ಭಾಗ, ಮಳೆಯಲ್ಲಿ ಕರಗಿ ಮತ್ತೆ ಹರಳಾದ ಭಾಗ, ಇವುಗಳ ತೊಡಕು ಇಂದಿಗೂ ಬಿಟ್ಟಿಲ್ಲ.

ಇದಕ್ಕೆ ಪ್ರತಿಯಾದ ಸಾಕ್ಷ್ಯವೂ ಇದೆ. ಚೀನದ ನಾನ್‌ಜಿಂಗಿನ ಸಮೀಪದ ಹುಲು ಗುಹೆಯ ಸುಣ್ಣಕಂಬಗಳಲ್ಲಿ ಪದರಪದರವಾಗಿ ಇಂಗಾಲವನ್ನು ಅಳೆದು, ಅದೇ ಪದರಗಳ ವಯಸ್ಸನ್ನು ಯುರೇನಿಯಂ ಥೋರಿಯಂಗಳ ಬೇರೊಂದು ಲೆಕ್ಕದಿಂದ ಗೊತ್ತುಮಾಡಿ, ಸುಮಾರು ೫೪,೦೦೦ ವರ್ಷಗಳ ವರೆಗಿನ ಸರಣಿಯನ್ನು ೨೦೧೮ರಲ್ಲಿ ಪ್ರಕಟಿಸಿದರು. ೨೦೨೦ರಲ್ಲಿ ಹೊರಬಂದ ಅಂತಾರಾಷ್ಟ್ರೀಯ ಕಾಲಮಾಪನ ಪಟ್ಟಿಗೆ ಅದು ಆಧಾರಗಳಲ್ಲೊಂದಾಯಿತು. ಸುಣ್ಣಕಂಬವು ತನ್ನ ಇಂಗಾಲವನ್ನು ನೀರಿನೊಡನೆ ಬದಲಾಯಿಸಿಕೊಂಡಿದ್ದರೆ ಆ ಎರಡು ಲೆಕ್ಕಗಳು ಹೀಗೆ ಹೊಂದುತ್ತಿರಲಿಲ್ಲ. ಬಿಗಿಯಾದ ದೊಡ್ಡ ಹರಳಿನ ಕ್ಯಾಲ್ಸೈಟು ಬೇಕಾದಷ್ಟು ಕಾಲ ಈ ಇಂಗಾಲವನ್ನು ಕಾಪಾಡಬಲ್ಲುದೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯವನ್ನು ಕಾಣೆನು.

ಈ ಎರಡು ಬಗೆಯ ಸಾಕ್ಷ್ಯಗಳನ್ನು ಕೂಡಿಸಿ ನೋಡಿದರೆ ಉಪಾಧಿಯು ತಾನಾಗಿ ಹೊರಬೀಳುವುದು. ಎಲುಬೂ ಗಾರೆಯೂ ಸುಣ್ಣಕಂಬವೂ ರಸಾಯನದ ಹೆಸರಿನಲ್ಲಿ ಬಂಧುಗಳು. ಕಟ್ಟಿನಲ್ಲಿ ಬೇರೆ ಬೇರೆ. ರಂಧ್ರವುಳ್ಳದ್ದೂ ಸಣ್ಣ ಕಣದ್ದೂ ಅಸ್ಥಿರರೂಪದ್ದೂ ಸೋತುವು, ಬಿಗಿಯಾದುದು ಗೆದ್ದಿತು. ಕ್ಷಾರದ್ರವದಿಂದ ಇಳಿಯುವ ಬಿಳಿಯ ಗಷ್ಟಾದರೋ ಹುಡಿಯಂತೆ ಸಣ್ಣ ಕಣದ್ದು. ಅದು ಗಾರೆಗೆ ಹತ್ತಿರ, ಸುಣ್ಣಕಂಬಕ್ಕೆ ದೂರ. ಶಹಾಬಾದಿನ ಕಲ್ಲನ್ನು ಉಪಮಾನವಾಗಿ ತಂದು ಗಷ್ಟನ್ನು ಉಪಮೇಯವಾಗಿ ನಿಲ್ಲಿಸಿದಲ್ಲಿ ಸಾಧಾರಣಧರ್ಮವು ಲೋಪವಾಗಿದೆಯೆಂದು ಅಲಂಕಾರಿಕನು ಹೇಳುವನು. ರಸಾಯನಜ್ಞನೂ ಹಾಗೆಯೇ ಹೇಳಬೇಕು.

೬

ಇನ್ನು ಬೇರಿಯಂ ಕಾರ್ಬೊನೇಟಿನ ವಿಚಾರ. ಕ್ಷಾರದಿಂದ ಸುಲಭವಾಗಿ ಇಳಿಯುವುದು, ಸುಟ್ಟರೂ ಕ್ಯಾಲ್ಸೈಟಿಗಿಂತ ಬಹಳ ಹೆಚ್ಚಿನ ಶಾಖದ ವರೆಗೆ ವಾಯುವನ್ನು ಬಿಡದಿರುವುದು ಎಂಬ ಎರಡು ಗುಣಗಳಿಂದ ಇದು ಬಹುಜನರ ಆದರಕ್ಕೆ ಪಾತ್ರವಾಗಿದೆ. ಕ್ಯಾಲ್ಸೈಟು ೯೦೦ ಡಿಗ್ರಿಯ ಸುಮಾರಿನಲ್ಲಿಯೇ ಸುಣ್ಣವಾಗಿಬಿಡುವುದೆಂಬುದು ಗೂಡಿನವರಿಗೆಲ್ಲ ಗೊತ್ತು. ಬೆಂಕಿಯ ಭಯವಿರುವಲ್ಲಿ ಬೇರಿಯಂ ಮೇಲೆಂಬುದನ್ನು ಒಪ್ಪಬಹುದು. ನೆಲದೊಳಗೆ ಹೂಳುವ ವಸ್ತುವಿಗಾದರೋ ಬೆಂಕಿಗಿಂತ ನೀರಿನ ಭಯವೇ ಹೆಚ್ಚು.

ಪ್ರಕೃತಿಯನ್ನೇ ಪ್ರಮಾಣವೆನ್ನುವುದಾದರೆ ಇಲ್ಲಿಯೂ ಅದನ್ನೇ ಕೇಳಬೇಕು. ಬೇರಿಯಂ ಕಾರ್ಬೊನೇಟು ಪ್ರಕೃತಿಯಲ್ಲಿ ವಿಥರೈಟೆಂಬ ಖನಿಜವಾಗಿ ದೊರೆಯುವುದು. ೧೭೮೪ರಲ್ಲಿ ಇದನ್ನು ವರ್ಣಿಸಿದ ವೈದ್ಯನಾದ ವಿಲಿಯಂ ವಿಥರಿಂಗನ ಹೆಸರೇ ಇದಕ್ಕೆ ಬಂದಿತು. ಉತ್ತರ ಇಂಗ್ಲೆಂಡಿನ ಗಣಿಗಳಂಥ ಕೆಲವೇ ಕಡೆಗಳಲ್ಲಿ ಮಾತ್ರ ಇದು ಹೇರಳವಾಗಿ ಸಿಕ್ಕಿತು. ಬೇರಿಯಂ ಸಲ್ಫೇಟಾದ ಬೆರೈಟಾದರೋ ಲೋಕದಲ್ಲೆಲ್ಲ ಹರಡಿದೆ. ನಮ್ಮ ನೆರೆಯ ಕಡಪಾ ಸೀಮೆಯ ಮಂಗಂಪೇಟೆಯಲ್ಲಿ ಅದರ ನಿಕ್ಷೇಪವು ಜಗತ್ತಿನ ಅತ್ಯಂತ ದೊಡ್ಡವುಗಳಲ್ಲೊಂದು. ಒಂದೇ ಲೋಹದ ಎರಡು ಲವಣಗಳಲ್ಲಿ ಒಂದು ವಿರಳವೂ ಒಂದು ಹೇರಳವೂ ಆದುದಕ್ಕೆ ಕಾರಣವು ಸ್ಪಷ್ಟ. ಇವೆರಡರ ಕರಗುವಿಕೆಯ ಗುಣಲಬ್ಧಗಳನ್ನು ಹೋಲಿಸಿದರೆ, ನೀರಿನಲ್ಲಿ ಸಲ್ಫೇಟಿಗಿಂತ ಕಾರ್ಬೊನೇಟು ಅಯಾನು ಸುಮಾರು ೨೫ ಪಟ್ಟಿಗೂ ಹೆಚ್ಚಾಗಿದ್ದರೆ ಮಾತ್ರ ವಿಥರೈಟು ನಿಲ್ಲುವುದು. ಇಲ್ಲವಾದರೆ ಬೇರಿಯಂ ಸಲ್ಫೇಟಿನ ಪಕ್ಷವನ್ನು ಹಿಡಿದು ಕಾರ್ಬೊನೇಟನ್ನು ನೀರಿಗೆ ಬಿಟ್ಟುಕೊಡುವುದು. ಸಾಧಾರಣವಾದ ನೆಲದ ನೀರಿನಲ್ಲಿ ಆ ಅನುಪಾತವು ದೊರೆಯುವುದು ಅಪರೂಪ. ಸಾಲದುದಕ್ಕೆ, ಯಾವ ಸಿಮೆಂಟಿನಲ್ಲಿ ಇದನ್ನು ಕೂಡಿಸುವರೋ ಆ ಸಿಮೆಂಟಿಗೆ ಜಿಪ್ಸಮೆಂಬ ಸಲ್ಫೇಟನ್ನು ಬೆರೆಸುವುದು ವಾಡಿಕೆ.

ಹೊರಬಿದ್ದ ಕಾರ್ಬೊನೇಟು ಸಿಮೆಂಟಿನ ಕ್ಯಾಲ್ಸಿಯಮ್ಮಿನೊಡನೆ ಕೂಡಿ ಅಲ್ಲಿಯೇ ಕ್ಯಾಲ್ಸೈಟಾಗುವುದೆಂದು ಸಮಾಧಾನ ಹೇಳಬಹುದು. ಆ ಸಮಾಧಾನವು ಸರಿಯೇ. ಆದರೆ ಆಗ ಇಂಗಾಲವನ್ನು ಕಾಯುವುದು ಬೇರಿಯಮ್ಮಲ್ಲ, ಕ್ಯಾಲ್ಸಿಯಮ್ಮೆಂದು ಒಪ್ಪಿದಂತಾಗುವುದು. ಕೊನೆಗೆ ಆಶ್ರಯವೀಯುವವನನ್ನು ಬಿಟ್ಟು ಮೊದಲು ಮತ್ತೊಬ್ಬನ ಬಾಗಿಲಿಗೆ ಹೋಗುವುದೇಕೆ? ಬೇರಿಯಂ ಕಾರ್ಬೊನೇಟು ಸ್ವತಃ ವಿಷವಸ್ತುವೆಂಬುದನ್ನೂ, ಇಲಿಗಳನ್ನು ಕೊಲ್ಲಲು ಅದನ್ನು ಬಳಸುತ್ತಿದ್ದರೆಂಬುದನ್ನೂ ಇಲ್ಲಿ ನೆನೆಯಬಹುದು.

ಮೆಗ್ನೀಸಿಯಮ್ಮಿನ ಕಾರ್ಬೊನೇಟಾದ ಮ್ಯಾಗ್ನೆಸೈಟು ಕರಗುವ ವೇಗದಲ್ಲಿ ಕ್ಯಾಲ್ಸೈಟಿಗಿಂತ ಸಾವಿರ ಪಟ್ಟಿಗೂ ಮಿಕ್ಕು ನಿಧಾನಿ. ಗುಣದಲ್ಲಿ ಇದೇ ಶ್ರೇಷ್ಠ. ಆದರೆ ಸಾಮಾನ್ಯ ಶಾಖದಲ್ಲಿ ಅದು ಇಳಿಯುವುದೇ ಕಷ್ಟ. ಅದರ ಬದಲು ನೀರುಗೂಡಿದ ಬೇರೆ ಲವಣಗಳು ಇಳಿಯುವುವು. ನಿಧಾನವಾಗಿ ಕರಗುವವನು ನಿಧಾನವಾಗಿಯೇ ಹುಟ್ಟುವನು.

೭

ಗ್ರಾಫೈಟಿನ ರಾಶಿಯ ವಿಷಯದಲ್ಲಿ ಈ ಮತವು ಇನ್ನೂ ದುರ್ಬಲವಾಗುವುದು. ಗ್ರಾಫೈಟನ್ನು ಕಾರ್ಬೊನೇಟು ಮಾಡಬೇಕಾದರೆ ಮೊದಲು ಅದನ್ನು ಸುಟ್ಟು ವಾಯುವನ್ನಾಗಿ ಮಾಡಬೇಕು. ಒಂದು ಟನ್ನು ಇಂಗಾಲದಿಂದ ೮.೩ ಟನ್ನು ಕ್ಯಾಲ್ಸೈಟು, ಅಥವಾ ೧೬.೪ ಟನ್ನು ಬೇರಿಯಂ ಕಾರ್ಬೊನೇಟು ಆಗುವುದು. ಎಡೆಯ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಟನ್ನು ಗ್ರಾಫೈಟು ಸುಮಾರು ೦.೬ ಘನಮೀಟರು, ಅದರಿಂದಾದ ಕ್ಯಾಲ್ಸೈಟು, ರಂಧ್ರವೇ ಇಲ್ಲದಂತೆ ಒತ್ತಿದರೂ, ೩.೧ ಘನಮೀಟರು, ಬೇರಿಯಂ ಕಾರ್ಬೊನೇಟು ೩.೮ ಘನಮೀಟರು. ಜಗತ್ತಿನ ಎರಡೂವರೆ ಲಕ್ಷ ಟನ್ನು ಗ್ರಾಫೈಟು ಇಪ್ಪತ್ತು ಲಕ್ಷ ಟನ್ನಿಗೂ ಮಿಕ್ಕ ಕ್ಯಾಲ್ಸೈಟಾಗುವುದು. ಹತ್ತು ಲಕ್ಷಕ್ಕೊಂದರಂತಿರುವ ಪರಮಾಣುವನ್ನು ಹಿಡಿಯಲು ಉಳಿದ ಸಮಸ್ತವನ್ನೂ ಹೊತ್ತಂತೆ. ಕಣಜದಲ್ಲಿ ಬಿದ್ದ ಒಂದು ಕಲ್ಲನ್ನು ತೆಗೆಯಲು ಕಣಜವನ್ನೇ ಹಿಟ್ಟುಮಾಡಿದಂತೆ.

ಇದಕ್ಕೂ ಮೇಲಾಗಿ, ಗ್ರಾಫೈಟೇ ಪ್ರಕೃತಿಯ ದೃಢವಾದ ಖನಿಜಗಳಲ್ಲೊಂದು. ಪ್ರಾಚೀನಶಿಲೆಗಳಲ್ಲಿ ಅದೂ ಸುಣ್ಣಕಲ್ಲಿನಷ್ಟೇ ಹಳೆಯ ನಿವಾಸಿ. ನೀರಿನಲ್ಲಿ ಅದು ಕರಗುವುದೇ ಇಲ್ಲವೆನ್ನಬಹುದು. ಪ್ರಕೃತಿಯ ಉಪಮಾನವನ್ನು ಒಪ್ಪುವವನು ಅದನ್ನು ಗ್ರಾಫೈಟಿಗೂ ಸಲ್ಲಿಸಬೇಕು. ಸ್ಥಿರವಾದುದನ್ನು ವಾಯುವಾಗಿ ಬಿಡಿಸಿ ಅದಕ್ಕಿಂತ ಕಡಮೆ ಸ್ಥಿರವಾದುದನ್ನಾಗಿ ಕಟ್ಟಬೇಕೆನ್ನುವವನ ಮೇಲೆಯೇ ಸಮರ್ಥನೆಯ ಭಾರವಿರುವುದು. ಗ್ರಾಫೈಟನ್ನು ಮೆಲ್ಲನೆ ಹುರಿದು ವಿಕಿರಣಶೀಲವಾದ ಇಂಗಾಲವನ್ನು ಹೆಚ್ಚಿನ ಪಾಲಿನಲ್ಲಿ ಮೊದಲೇ ಹೊರಡಿಸಬಹುದೆಂಬ ಪ್ರಯೋಗಗಳು ನಡೆದಿವೆ. ಅದು ಸಾಧ್ಯವಾದಷ್ಟರ ಮಟ್ಟಿಗೆ, ಹೊರಟ ಆ ಸ್ವಲ್ಪ ವಾಯುವಿಗೆ ಕಾರ್ಬೊನೇಟು ತಕ್ಕ ಪಾತ್ರವೇ ಸರಿ.

ಮತ್ತೊಂದು ಮಾತನ್ನು ಸಂಕ್ಷೇಪವಾಗಿ ಹೇಳುವೆನು. ತ್ಯಾಜ್ಯದಲ್ಲಿರುವ ವಿಕಿರಣಶೀಲ ಇಂಗಾಲವೆಲ್ಲವೂ ಇಂಗಾಲಾಮ್ಲವಾಯುವಾಗಿಯೇ ಹೊರಡುವುದಿಲ್ಲ. ಲೋಹಗಳು ತುಕ್ಕುಹಿಡಿಯುವಲ್ಲಿ ಅದು ಮೀಥೇನಾಗಿಯೂ ಹೊರಡುವುದು. ಸುಣ್ಣವಾಗಲಿ ಸಿಮೆಂಟಾಗಲಿ ಮೀಥೇನನ್ನು ಹಿಡಿಯಲಾರದು. ಕಾರ್ಬೊನೇಟಿನ ಬಾಗಿಲು ಆಮ್ಲಜನಕದೊಡನೆ ಕೂಡಿ ಬಂದ ಇಂಗಾಲಕ್ಕೆ ಮಾತ್ರ ತೆರೆದಿದೆ.

೮

ಇಷ್ಟರಿಂದ ಕಾರ್ಬೊನೇಟಿನ ಮತವು ಖಂಡಿತವಾಯಿತೆಂದು ಯಾರೂ ಭಾವಿಸಬಾರದು. ಅದರ ಅಧಿಕಾರವು ಎಲ್ಲಿಯ ವರೆಗೆಂಬುದು ಮಾತ್ರ ಗೊತ್ತಾಯಿತು. ಆಗಲೇ ವಾಯುರೂಪದಲ್ಲಿಯೋ ದ್ರವದಲ್ಲಿ ಕರಗಿಯೋ ಇರುವ ವಿಕಿರಣಶೀಲ ಇಂಗಾಲಕ್ಕೆ, ಎಂದರೆ ಸಂಸ್ಕರಣಾಲಯದ ಅನಿಲ, ಭಾರಜಲದ ರಾಳಗಳಿಂದ ಬಿಡಿಸಿದ ಅಂಶ ಮೊದಲಾದುವಕ್ಕೆ, ಕಾರ್ಬೊನೇಟಿಗಿಂತ ಸರಳವಾದ ಆಶ್ರಯವು ಕಾಣುವುದಿಲ್ಲ. ಅದರಲ್ಲಿಯೂ ಕ್ಯಾಲ್ಸಿಯಮ್ಮಿನದೇ ಮೇಲು. ಆದರೆ ಅದನ್ನು ಹುಡಿಯಾಗಿ ಬಿಡದೆ ಬಿಗಿಯಾದ ಕಲ್ಲಾಗಿ ಮಾಡಬೇಕು. ಸುಟ್ಟು ಬಿಗಿಮಾಡಲು ಹೋದರೆ ವಾಯುವು ಹೊರಟುಹೋಗುವುದೆಂಬುದೇ ಇಷ್ಟು ಕಾಲವೂ ಇದ್ದ ತೊಡಕು. ೨೦೧೬ರಿಂದೀಚೆಗೆ ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾನಿಲಯದವರು ಸ್ವಲ್ಪ ದ್ರವವನ್ನೂ ಒತ್ತಡವನ್ನೂ ಬಳಸಿ ೩೦೦ ಡಿಗ್ರಿಯೊಳಗಿನ ಶಾಖದಲ್ಲಿ ಹುಡಿಗಳನ್ನು ಬಿಗಿಮಾಡುವ ಕ್ರಮವನ್ನು ಪ್ರಸಿದ್ಧಿಗೆ ತಂದರು. ೨೦೧೭ರಲ್ಲಿ ಜ್ಯೂರಿಕ್ಕಿನ ವಿದ್ವಾಂಸರು ಕ್ಯಾಲ್ಸಿಯಂ ಕಾರ್ಬೊನೇಟಿನ ಸೂಕ್ಷ್ಮಕಣಗಳನ್ನು ನೀರಿನೊಡನೆ ಸಾಮಾನ್ಯ ಶಾಖದಲ್ಲಿಯೇ ಒತ್ತಿ ಕಲ್ಲಾಗಿಸಿದರು. ಭೂಗರ್ಭದಲ್ಲಿ ಕೆಸರು ಕಲ್ಲಾಗುವ ಬಗೆಯೇ ಇವರಿಗೆ ಮೇಲ್ಪಂಕ್ತಿ. ಉಪಮಾನವು ಇಲ್ಲಿಯಾದರೋ ಫಲಕಾರಿಯಾಯಿತು. ಏಕೆಂದರೆ ಪ್ರಕೃತಿಯ ಹೆಸರನ್ನಲ್ಲದೆ ಪ್ರಕೃತಿಯ ಕ್ರಮವನ್ನು ಅನುಸರಿಸಲಾಯಿತು. ಆದರೂ ಆ ಪ್ರಯೋಗದ ಮೂಲದ್ರವ್ಯವು ವ್ಯಾಟರೈಟೆಂಬ ಅಸ್ಥಿರರೂಪ. ಚಿಪ್ಪಿನ ಪಾಠವನ್ನು ನೆನೆದರೆ, ಅದು ಪೂರ್ತಿಯಾಗಿ ಕ್ಯಾಲ್ಸೈಟಾಗುವ ವರೆಗೆ ಅದನ್ನು ನಂಬಲಾಗದು.

ಮುಂದೆ ಈ ವಿಷಯದಲ್ಲಿ ಬರೆಯುವವರಿಂದ ಮೂರು ಸಂಗತಿಗಳನ್ನು ಅಪೇಕ್ಷಿಸಬಹುದು. ಕರಗುವಿಕೆಯ ಅಂಕಿಯ ಜೊತೆಗೆ ಪರಮಾಣುಗಳ ವಿನಿಮಯದ ವೇಗವನ್ನೂ ಅಳೆದು ಹೇಳಬೇಕು. ಖನಿಜದ ಹೆಸರಿನ ಜೊತೆಗೆ ಅದರ ಸಾಂದ್ರತೆ, ರಂಧ್ರ, ಹರಳಿನ ಗಾತ್ರಗಳನ್ನೂ ಹೇಳಬೇಕು. ನೀರೆಂದು ಮಾತ್ರ ಹೇಳದೆ, ಎಂಥ ನೀರು, ಅದರಲ್ಲಿ ಸಲ್ಫೇಟೆಷ್ಟು, ಇಂಗಾಲಾಮ್ಲವೆಷ್ಟು ಎಂಬುದನ್ನೂ ಹೇಳಬೇಕು.

ಕನ್ನಡದಲ್ಲಿ ಈ ಶಾಸ್ತ್ರವನ್ನು ಹೇಳುವವರಿಗೂ ಒಂದು ಮಾತು. ಈ ಕ್ರಿಯೆಗೆ ‘ಸ್ಥಿರೀಕರಣ’, ‘ನಿಶ್ಚಲೀಕರಣ’ ಎಂಬ ಪದಗಳನ್ನು ಬಳಸುವುದುಂಟು. ಇವೆರಡೂ ಮುಗಿದ ಕೆಲಸವನ್ನು ಹೇಳುವ ಪದಗಳು. ಓದಿದ ವಿದ್ಯಾರ್ಥಿಗೆ ಇಂಗಾಲವು ಇನ್ನು ಕದಲದೆಂಬ ಭಾವನೆ ಬರುವುದು. ಆದರೆ ಕಾರ್ಬೊನೇಟು ಮಾಡಬಲ್ಲುದು ತಡೆಯುವುದನ್ನು ಮಾತ್ರ. ಪರಮಾಣುವು ತಾನಾಗಿ ಸಾರಜನಕವಾಗುವ ವರೆಗೆ ಅದನ್ನು ನಿಲ್ಲಿಸಿಕೊಂಡಿದ್ದರೆ ಅದರ ಕಾರ್ಯವು ಮುಗಿಯಿತು. ‘ತಡೆಹಿಡಿಕೆ’ ಎಂಬ ಸಾದಾಪದವು ಇದಕ್ಕೆ ಹೆಚ್ಚು ಹೊಂದುವುದೆಂದು ನನಗೆ ತೋರುವುದು. ಐವತ್ತೇಳು ಸಾವಿರ ವರ್ಷಗಳ ಹೊಣೆಯನ್ನು ಹೊತ್ತ ಪದವು ತನ್ನಲ್ಲಿರುವುದಕ್ಕಿಂತ ಹೆಚ್ಚನ್ನು ಹೇಳಬಾರದು. ಅದನ್ನು ನಂಬಿ ಬದುಕುವವರು ನಮ್ಮನ್ನು ಪ್ರಶ್ನಿಸಲು ಬರುವ ಹೊತ್ತಿಗೆ ಉತ್ತರ ಹೇಳಲು ನಾವು ಇರುವುದಿಲ್ಲ. ನಾವಿಟ್ಟ ಕಲ್ಲೂ, ಉಳಿದಿದ್ದರೆ ನಾವಿಟ್ಟ ಮಾತೂ, ಇರುವುವು. ತಿಳಿದವರು ಇದನ್ನು ಪರಾಮರ್ಶಿಸಿ, ತಪ್ಪಿದ್ದಲ್ಲಿ ತಿದ್ದಬೇಕಾಗಿ ಪ್ರಾರ್ಥನೆ.